ಬೆಟ್ಟ, ಕಾಡು ಮತ್ತು ಯುದ್ಧ: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ದಾವಣಗೆರೆಯಿಂದ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ವಿಷಯ ನನಗೂ ಬಹಳ ಹತ್ತಿರದ್ದು, ಆದ್ದರಿಂದ ಬಿಚ್ಚಿ ಹೇಳುತ್ತೇನೆ.

‘ಗುಡ್ಡಗಾಡು ಇದ್ದಲ್ಲಿ ದಂಗೆ ಹುಟ್ಟುತ್ತದೆ’ ಎಂದು ಮೊದಲ ಪುಟದಲ್ಲೇ ತೀರ್ಮಾನಿಸಿ, ರಾಜಕೀಯ ವಿಜ್ಞಾನಿಗಳಾದ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೈಟಿನ್ ಅಂತರ್ಯುದ್ಧಗಳ ಬಗ್ಗೆ ಮಾಡಿದ 2003ರ ಅಧ್ಯಯನವನ್ನು ಆಧಾರವಾಗಿ ಕೊಟ್ಟಿದ್ದೀರಿ. ಅವರ ವಾದ ಅಷ್ಟು ಸರಳವಲ್ಲ. ಬಡತನವಿದ್ದು ಸರ್ಕಾರವೂ ದುರ್ಬಲವಾಗಿರುವಾಗ ದುರ್ಗಮ ನೆಲವು ದಂಗೆಕೋರರಿಗೆ ಆಸರೆಯಾಗುತ್ತದೆ ಎಂಬುದು ಅವರ ಮಾತು. ಜಗಳ ಹುಟ್ಟಿಸುವುದು ಬೇರೆ, ಹುಟ್ಟಿದ ಜಗಳಕ್ಕೆ ಜಾಗ ಕೊಡುವುದು ಬೇರೆ.

ನಮ್ಮ ದುರ್ಗದ ಕೋಟೆಗೆ ನೀವು ಕೊಟ್ಟಿರುವುದು ನಾಲ್ಕೇ ಸಾಲು, ಅದರಲ್ಲಿ ಓಬವ್ವನಿಗೆ ಒಂದು. ಲೇಖನದ ಜೀವ ಇರುವುದೇ ಅಲ್ಲಿ. ಬಂಡೆಗಳ ಸಂದಿನ ಆ ಕಿಂಡಿಯಲ್ಲಿ ಮೈ ಕುಗ್ಗಿಸಿ ಒಬ್ಬೊಬ್ಬರಾಗಿ ನುಸುಳಬೇಕು. ಹೈದರಾಲಿಯ ಸೈನಿಕರಿಗೆ ಒಳದಾರಿ ಕೊಟ್ಟದ್ದೂ ಆ ಬಂಡೆಯೇ, ಜನ ಹೇಳಿಕೊಂಡು ಬಂದಿರುವಂತೆ ಒನಕೆ ಹಿಡಿದ ಒಬ್ಬ ಹೆಂಗಸು ಇಡೀ ತಂಡವನ್ನು ತಡೆಯುವಂತೆ ಮಾಡಿದ್ದೂ ಅದೇ ಬಂಡೆ. ನೆಲ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಿಮಗೆ ಸಿಗಲಾರದು. ಏಳು ಸುತ್ತಿನ ಕೋಟೆ, ಮಳೆನೀರು ಹಿಡಿದಿಡುವ ಹೊಂಡಗಳು ಎಲ್ಲವೂ ಇದ್ದಲ್ಲೇ ಇದ್ದರೂ 1779ರಲ್ಲಿ ಮದಕರಿ ನಾಯಕರ ದುರ್ಗ ಹೈದರಾಲಿಯ ವಶವಾಯಿತು. ‘ಬಂಡೆಯಿಂದಾಗಿ ಅಜೇಯ’ ಎಂದು ಬರೆದ ನೀವು ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಇನ್ನೊಂದು ತಪ್ಪು ಗಂಭೀರವಾದದ್ದು. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟದ ಇಂದಿನ ಹಸಿರನ್ನು ನೋಡಿ, ಹದಿನೆಂಟನೆಯ ಶತಮಾನದ ಸೈನ್ಯಕ್ಕೂ ಅದೇ ಕಾಡು ಅಡ್ಡಬಂದಿತ್ತೆಂದು ಬರೆದಿದ್ದೀರಿ. ಬೆಟ್ಟ ಶತಮಾನಗಳವರೆಗೆ ಹಾಗೇ ನಿಂತಿರುತ್ತದೆ. ಮೇಲಿನ ಗಿಡಮರ ಹಾಗಲ್ಲ, ಕಡಿತ, ಮೇವು, ಬೆಂಕಿ, ಮಳೆಗಳಿಗೆ ತಕ್ಕಂತೆ ಒಂದೇ ತಲೆಮಾರಿನಲ್ಲಿ ಬದಲಾಗಿಬಿಡುತ್ತದೆ. ಯುದ್ಧವೇ ಅದನ್ನು ಬದಲಿಸುವುದೂ ಉಂಟು: ವಿಯೆಟ್ನಾಮಿನಲ್ಲಿ ಅಮೆರಿಕದ ಸೇನೆ 1962ರಿಂದ 1971ರವರೆಗೆ ವಿಮಾನಗಳಿಂದ ಎಲೆ ಉದುರಿಸುವ ರಾಸಾಯನಿಕವನ್ನು ಸುರಿದದ್ದು ಎದುರಾಳಿಗೆ ಮರೆಯಾಗಿದ್ದ ಕಾಡನ್ನು ಬೋಳಾಗಿಸಲೆಂದೇ. ಕೊಲಂಬಿಯಾದಲ್ಲಿ 2016ರ ಶಾಂತಿ ಒಪ್ಪಂದದ ನಂತರ ಬಂಡುಕೋರರು ತೆರವು ಮಾಡಿದ ಪ್ರದೇಶಗಳಲ್ಲಿ ಕಾಡು ಕಡಿಯುವುದು ಹೆಚ್ಚಿತು. ನೆಲ ಮತ್ತು ಕಾಡನ್ನು ಒಂದೇ ಪದದಲ್ಲಿ ಕಟ್ಟಿಹಾಕಿದ್ದರಿಂದ ನಿಮ್ಮ ಲೇಖನದಲ್ಲಿ ಇಂಥ ಸಂಗತಿಗಳಿಗೆ ಜಾಗವೇ ಇಲ್ಲವಾಗಿದೆ.

ಕಾರ್ಗಿಲ್ ಭಾಗವನ್ನು ಕೈಬಿಡಿ. ಅದು ಪತ್ರಿಕೆಯ ವರದಿಯಂತಿದೆ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಬಂದು, ಆ ಕಿಂಡಿಯ ಎರಡೂ ಬದಿಯಲ್ಲಿ ನಿಂತು, ಎಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಬರೆದುಕೊಳ್ಳಿ. ಲೇಖನವನ್ನು ಅಲ್ಲಿಂದಲೇ ಆರಂಭಿಸಿ ಮತ್ತೆ ಕಳುಹಿಸಿ; ಕಾಯುತ್ತಿರುತ್ತೇನೆ.

ಸಂಪಾದಕ,
ಚಿತ್ರದುರ್ಗ