ಆಟೊಮ್ಯಾಟಿಕ್ ಕಾಫಿ ಮೆಷಿನ್‌ನ ಬ್ರೂ ಯುನಿಟ್ ತೊಳೆಯೋಕೆ ಯಾವ ಸೋಪು ಒಳ್ಳೇದು?

ತಿಂಗಳಿಗೊಮ್ಮೆ ತಪ್ಪದೆ ಡೀಸ್ಕೇಲ್ ಮಾಡಿ ಸುಣ್ಣ ತೆಗೀತೀನಿ, ಆದ್ರೂ ಕಾಫಿ ಕಮಟು ಹೊಡೀತಿದೆ, ಈಗೀಗ ಕಿರ್ ಅಂತ ಸದ್ದು ಬೇರೆ ಬರ್ತಿದೆ, ಬ್ರೂ ಯುನಿಟ್‌ಗೆ (ಪುಡಿ ಅದುಮಿ ಕಾಫಿ ಇಳಿಸೋ ಒಳಗಿನ ಭಾಗ) ಯಾವ ಸೋಪು ಹಾಕ್ಲಿ ಅಂತ ಕೇಳಿದೀರಿ. ಯಾವ ಸೋಪೂ ಬೇಡ. ನಿಮ್ಮ ಪ್ರಶ್ನೆ ಓದ್ತಿದ್ದ ಹಾಗೇ ಮೂರು ವರ್ಷದ ಹಿಂದೆ ಮುಂಬೈನ ನಮ್ಮ ಮುಲುಂಡ್ ಮನೇಲಿ ಸಿಂಕ್ ಮುಂದೆ ನಿಂತಿದ್ದ ನಾನೇ ನೆನಪಾದೆ.

ಆ ವರ್ಷ ಚೌತಿಗೆ ಊರಿಗೆ, ಕುಂದಾಪುರಕ್ಕೆ ಮತ್ಸ್ಯಗಂಧ ರೈಲಲ್ಲಿ ಹೋಗಿದ್ವಿ, ಹದಿನೈದು ದಿನ. ಹೊರಡೋ ಗಡಿಬಿಡೀಲಿ ಮೆಷಿನ್‌ನ ಚರಟದ ಡಬ್ಬಿ ಖಾಲಿ ಮಾಡಿರ್ಲಿಲ್ಲ. ಮುಂಬೈ ಮಳೆಗಾಲದಲ್ಲಿ ಕಪಾಟಲ್ಲಿಟ್ಟ ಬೆಲ್ಟಿಗೇ ಬೂಸ್ಟು ಬರುತ್ತೆ, ಇನ್ನು ಒದ್ದೆ ಕಾಫಿ ಚರಟ ಬಿಡುತ್ತಾ? ವಾಪಸ್ ಬಂದು ಪಕ್ಕದ ಬಾಗಿಲು ತೆಗೆದ್ರೆ ಡಬ್ಬಿ ತುಂಬಾ ಬಿಳೀ ಹತ್ತಿ ಥರ, ಬ್ರೂ ಯುನಿಟ್ ಮೂಲೇಲೂ ಹಸಿರು ಚುಕ್ಕೆ. ಅಪ್ಪ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ನಮ್ಮ ಜೊತೇಲೇ ಬಂದಿದ್ರು, ಅವರಿಗೆ ಇದರಲ್ಲಿ ಕಾಫಿ ಕೊಡೋದು ಹೇಗೆ ಅಂತ ತಲೆಬಿಸಿ ಆಗಿ ಯುನಿಟ್ ಹೊರಗೆ ತೆಗೆದು ಸಿಂಕಿಗೆ ಹಾಕಿ ಕುದಿಯೋ ನೀರು ಸುರಿದು ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿ ಹಳೇ ಟೂತ್‌ಬ್ರಶ್‌ನಲ್ಲಿ ಅರ್ಧ ಗಂಟೆ ಸಂದು ಸಂದೂ ಉಜ್ಜಿದೆ. ಪಿಸ್ಟನ್ ಸುತ್ತ ಇರೋ ರಬ್ಬರ್ ರಿಂಗ್ ಮೇಲೆ, ಎರಡೂ ಪಕ್ಕದ ಹಳಿಗಳಲ್ಲಿ, ಬೆಳ್ಳಗೆ ತೆಳುವಾಗಿ ಒಂದು ಜಿಡ್ಡು ಇತ್ತು. ಅದೂ ಕಾಫಿ ಎಣ್ಣೆನೇ ಇರಬೇಕು ಅನ್ಕೊಂಡು, ಬೆರಳಿಟ್ರೆ ತೊಳೆದ ಸ್ಟೀಲ್ ತಟ್ಟೆ ಥರ ಕೀಚ್ ಅನ್ನೋ ತನಕ ತೆಗೆದೆ.

ಆ ಜಿಡ್ಡೇ ಗ್ರೀಸ್. ಫ್ಯಾಕ್ಟರೀಲಿ ಹಚ್ಚಿ ಕಳಿಸಿರೋ ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್. ಇದೊಂದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ನನ್ನ ದುಡ್ಡು ಹೋಗಿದ್ದು ಇಲ್ಲೇ. ನೀವು ಬಟನ್ ಒತ್ತಿದಾಗ ಏಳರಿಂದ ಹನ್ನೊಂದು ಗ್ರಾಂ ಪುಡಿ ಆ ಪುಟ್ಟ ಕೋಣೆಗೆ ಬೀಳುತ್ತೆ, ಮೋಟರ್ ಯುನಿಟ್‌ನ ಸರಿಸುತ್ತೆ, ಪಿಸ್ಟನ್ ಬಂದು ಪುಡೀನ ಅದುಮುತ್ತೆ, ಆಮೇಲೆ ಪಂಪ್ ಬಿಸಿನೀರನ್ನ ಅದರೊಳಗೆ ನುಗ್ಗಿಸುತ್ತೆ. ಡಬ್ಬದ ಮೇಲೆ 15 ಬಾರ್ ಒತ್ತಡ ಅಂತ ಬರೆದಿರ್ತಾರೆ, ಕಾಫಿ ಇಳಿಯೋಕೆ 9 ಬಾರ್ ಹತ್ತಿರ ಸಾಕು, ಆದ್ರೆ ಅಷ್ಟು ಒತ್ತಡ ಪಕ್ಕಕ್ಕೆ ಸೋರದೆ ತಡೆಯೋದು ಬಳೆಯಂಥ ಆ ರಬ್ಬರ್ ರಿಂಗ್. ಪ್ರತಿ ಕಪ್ಪಿಗೂ ಅದು ಬಿಗಿಯಾಗಿ ಉಜ್ಕೊಂಡೇ ಮೇಲೆ ಕೆಳಗೆ ಓಡಾಡಬೇಕು. ಗ್ರೀಸ್ ಇದ್ರೆ ಜಾರುತ್ತೆ, ಇಲ್ದಿದ್ರೆ ಕಚ್ಚುತ್ತೆ, ಕಚ್ಚಿದ್ದನ್ನ ಎಳೆಯೋ ಕೆಲಸ ಮೋಟರ್ ಮೇಲೆ ಬೀಳುತ್ತೆ. ಈ ಗ್ರೀಸ್ ಬರೀ ನೀರಿಗೆ ಅಷ್ಟು ಸುಲಭಕ್ಕೆ ಜಗ್ಗಲ್ಲ, ಅದಕ್ಕೇ ನೀರಲ್ಲಿ ಮಾತ್ರ ತೊಳೀರಿ ಅಂತ ಮ್ಯಾನ್ಯುಯಲ್‌ನಲ್ಲಿ ಹಾಕಿರೋದು. ಜಿಡ್ಡು ಬಿಡಿಸೋದೇ ಸೋಪಿನ ಕೆಲಸ, ಬೇಕಾದ ಜಿಡ್ಡು ಬೇಡದ ಜಿಡ್ಡು ಅಂತ ಅದಕ್ಕೇನು ಗೊತ್ತು.

ಎರಡು ವಾರ ಚೆನ್ನಾಗೇ ನಡೀತು. ಆಮೇಲೆ ನಿಮ್ಮ ಥರಾನೇ ಕಿರ್ ಅಂತ ಶುರುವಾಯ್ತು. ನಮ್ಮ ಕಡೆ ಕಿರ್ ಅಂದಿದ್ದಕ್ಕೆಲ್ಲ ಮದ್ದು ತೆಂಗಿನೆಣ್ಣೆ ತಾನೆ, ಬಾಗಿಲ ತಿರುಗಣೆಗೂ ಅದೇ, ಹೊಲಿಗೆ ಮೆಷಿನ್‌ಗೂ ಅದೇ, ನಾನೂ ನಾಲ್ಕು ಹನಿ ಬಿಟ್ಟೆ. ಸದ್ದು ನಿಂತೂ ಹೋಯ್ತು. ಆದ್ರೆ ಎಣ್ಣೆಗೆ ನುಣ್ಣನೆ ಕಾಫಿ ಪುಡಿ ಹಿಡ್ಕೊಂಡು ಮೆತ್ತಿ ಗಟ್ಟಿಯಾಗಿ ಅಂಟಿನ ಹಾಗೆ ಆಗಿದೆ, ಅದು ನನಗೆ ಕಾಣ್ಲಿಲ್ಲ. ಅಪ್ಪಂಗೆ ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ಐದಕ್ಕೆ, ಕಣ್ಣಿಗೆ ಪಟ್ಟಿ ಕಟ್ಕೊಂಡೇ, ಯಾರನ್ನೂ ಎಬ್ಬಿಸೋದು ಬೇಡ ಅಂತ ಅವರೇ ಎದ್ದು ಬಟನ್ ಒತ್ತಿದ್ರು. ಗರ್ರ್ ಅಂದು ಅರ್ಧಕ್ಕೇ ನಿಂತ್ಹೋಯ್ತು, ಕೆಂಪು ದೀಪ. ಯುನಿಟ್ ಮೇಲೇ ಸಿಕ್ಕಾಕೊಂಡಿತ್ತು, ಹೊರಗೆ ಬರಲ್ಲ ಅಂದ್ರೆ ಬರಲ್ಲ. ಅಪ್ಪ ತಾನೇ ಏನೋ ತಪ್ಪು ಒತ್ತಿಬಿಟ್ಟೆ ಅಂತ ಇಡೀ ದಿನ ಸಪ್ಪಗಿದ್ರು, ನಿಮ್ಮ ತಪ್ಪಲ್ಲ ಅಂದ್ರೂ ನಂಬಲಿಲ್ಲ, ಅದು ನನಗೆ ಈಗ್ಲೂ ಬೇಜಾರು.

ರಿಪೇರಿಯವರು ಬಂದು ಹಿಂದಿನ ಕವರ್ ಬಿಚ್ಚಿ ಯುನಿಟ್ ಇಳಿಸಿ, ಹಳಿ ಮೇಲೆ ಬೆರಳು ಎಳೆದು ತೋರಿಸಿದ್ರು. ಟಾರ್ ಇದ್ದ ಹಾಗಿತ್ತು, ರಿಂಗ್ ಒಂದು ಕಡೆ ಹರಿದಿತ್ತು. 'ಗ್ರೀಸ್ ಕಿಧರ್ ಗಯಾ ಸಾಬ್?' ಅಂತ ಕೇಳಿದ್ರು. ಹೊಸ ಯುನಿಟ್ಟು, ಕೂಲಿ ಸೇರಿ ಏಳು ಸಾವಿರದ ಚಿಲ್ಲರೆ.

ಈಗ ನಿಮ್ಮ ಡೀಸ್ಕೇಲ್ ವಿಷಯ. ಕಮಟಿಗೂ ಅದಕ್ಕೂ ಸಂಬಂಧ ಇಲ್ಲ ರೀ. ಡೀಸ್ಕೇಲ್ ಅಂದ್ರೆ ಆಸಿಡ್, ಅದು ನೀರಿನ ಕೊಳವೇಲಿ ಕೂತ ಸುಣ್ಣ ಕರಗಿಸುತ್ತೆ. ನಿಮಗಿರೋದು ಹಳಸಿದ ಕಾಫಿ ಎಣ್ಣೆ ಮತ್ತೆ ಮೂಲೇಲಿ ಕೂತ ಹಳೇ ಪುಡಿ. ಅದೂ ಅಲ್ದೆ ನೀವೂ ಮುಂಬೈಲಿದ್ರೆ, ಇಲ್ಲಿನ ಪಾಲಿಕೆ ಬಿಎಂಸಿ ನೀರು ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳ ಕಡೆಯಿಂದ ಬರೋ ಮಳೆ ನೀರು, ಗಡಸು ಕಮ್ಮಿ, ಅದಕ್ಕೆ ತಿಂಗಳು ತಿಂಗಳು ಆಸಿಡ್ ಯಾಕೆ? ಟ್ಯಾಂಕರ್ ಅಥವಾ ಬೋರ್ ನೀರಾದ್ರೆ ಮಾತು ಬೇರೆ. ನೀರಿನ ಗಡಸು ನೋಡೋ ಟೆಸ್ಟ್ ಸ್ಟ್ರಿಪ್ಪಿಂದ ಒಮ್ಮೆ ನೋಡಿ ಮೆಷಿನ್‌ನಲ್ಲಿ ಸೆಟ್ ಮಾಡಿ, ಅದು ಕೇಳಿದಾಗ ಡೀಸ್ಕೇಲ್ ಮಾಡಿದ್ರೆ ಸಾಕು. ಆನ್ ಆಫ್ ಮಾಡುವಾಗ ತಾನಾಗೇ ನೀರು ಬಿಡುತ್ತಲ್ಲ, ಅದನ್ನೂ ನಂಬ್ಕೊಂಡು ಕೂರಬೇಡಿ, ಪಕ್ಕಕ್ಕೆ ಚೆಲ್ಲಿದ ಪುಡಿ ಅದರಿಂದ ಹೋಗಲ್ಲ.

ನಾನು ಈಗ ಪ್ರತಿ ಭಾನುವಾರ ಯುನಿಟ್ ತೆಗೆದು ನಲ್ಲಿ ಕೆಳಗೆ ಉಗುರುಬೆಚ್ಚಗಿನ ನೀರಲ್ಲಿ ತೊಳೀತೀನಿ, ಸ್ಟೀಲ್ ಜಾಲರಿ ಮೇಲೆ ಬೆರಳಾಡಿಸ್ತೀನಿ, ಒಳಗಿನ ಗೂಡಲ್ಲಿರೋ ಪುಡೀನ ಒಣ ಬ್ರಶ್‌ನಲ್ಲಿ ಗುಡಿಸ್ತೀನಿ, ಮಳೆಗಾಲದಲ್ಲಿ ಫ್ಯಾನ್ ಕೆಳಗಿಟ್ಟು ಪೂರ್ತಿ ಒಣಗಿದ ಮೇಲೇ ಹಾಕೋದು. ಎಣ್ಣೆ ಬಿಡಿಸೋಕೆ ತಿಂಗಳಿಗೊಂದು ಕ್ಲೀನಿಂಗ್ ಮಾತ್ರೆ, ಮೆಷಿನ್ ಕಂಪನಿ ಹೇಳಿದ್ದೇ. ಎರಡು ತಿಂಗಳಿಗೊಮ್ಮೆ ರಿಂಗಿಗೂ ಹಳಿಗೂ ಹೆಸರುಕಾಳಿನಷ್ಟು ಸಿಲಿಕೋನ್ ಗ್ರೀಸ್, ಜಾಸ್ತಿ ಮೆತ್ತಿದ್ರೆ ಪುಡಿ ಹಿಡ್ಕೊಳ್ಳುತ್ತೆ. ಜ್ಯೂರಾ ಕಂಪನಿ ಮೆಷಿನ್ ಥರದ್ದಾದ್ರೆ ಯುನಿಟ್ ನಾವು ತೆಗೆಯೋ ಹಾಗೇ ಇಲ್ಲ, ಅದಕ್ಕೆ ಮಾತ್ರೆಯೊಂದೇ.

ಇನ್ನೊಂದು, ನಮ್ಮೆಲ್ಲರಿಗೂ ಗೋಡೆ ಸ್ವಿಚ್ ಆರಿಸೋ ಅಭ್ಯಾಸ. ಮೊದಲು ಮೆಷಿನ್‌ನದ್ದೇ ಬಟನ್ ಒತ್ತಿ, ಯುನಿಟ್ ತನ್ನ ಜಾಗಕ್ಕೆ ಬಂದು ಕೂರಲಿ, ಆಮೇಲೆ ಗೋಡೆ ಸ್ವಿಚ್. ವಾಪಸ್ ಹಾಕುವಾಗ ಸಲೀಸಾಗಿ ಹೋಗ್ದಿದ್ರೆ ದಬ್ಬಬೇಡಿ. ಮಾಟುಂಗಾ ಅಂಗಡಿಯಿಂದ ತಂದ ಚಿಕರಿ ಬೆರೆಸಿದ ಕಾಫಿ ಪುಡಿ ದಯವಿಟ್ಟು ಇದಕ್ಕೆ ಹಾಕಬೇಡಿ, ಚಿಕರಿ ನೀರು ಇಳಿಯೋಕೆ ಬಿಡಲ್ಲ ಅನ್ನೋದು ಫಿಲ್ಟರ್ ಹಾಕೋರಿಗೆಲ್ಲ ಗೊತ್ತು.

ನಿಮ್ಮದು ಈಗ್ಲೇ ಕಿರ್ ಅಂತಿದೆಯಲ್ಲ, ಇವತ್ತೇ ಯುನಿಟ್ ತೆಗೆದು ಬೆಚ್ಚಗಿನ ನೀರಲ್ಲಿ ತೊಳೆದಿಡಿ, ಗ್ರೀಸ್ ಟ್ಯೂಬ್ ಆರ್ಡರ್ ಮಾಡಿ, ಅದು ಕೈಗೆ ಬರೋ ತನಕ ಫಿಲ್ಟರ್ ಕಾಫೀನೇ ಕುಡೀರಿ.