ಮನಸ್ಸಿನಲ್ಲಿರುವ ಗೆಳೆಯರ ಚಿತ್ರ ಬರೆದಿದ್ದೇನೆ, ಯಾರಿಗೆ ತೋರಿಸಲಿ?

ಚಿಕ್ಕಂದಿನಿಂದ ಜೊತೆಗಿರುವ ಕಾಲ್ಪನಿಕ ಗೆಳೆಯರ ಚಿತ್ರ ಬರೆದಿದ್ದೀರಿ. ಮನಸ್ಸಿಗೆ ನೋವಾಗದ ಹಾಗೆ ಅಭಿಪ್ರಾಯ ಹೇಳುವವರು ಎಲ್ಲಿ ಸಿಗುತ್ತಾರೆ ಅಂತ ಕೇಳಿದ್ದೀರಿ. ಹೇಳುವವರು ಒಳ್ಳೆಯವರಾಗಿದ್ದರೆ ಸಾಕು ಅಂತ ನಾನೂ ನಂಬಿದ್ದೆ. ನನ್ನ ಗೆಳೆಯನನ್ನು ನಾನು ಕಳೆದುಕೊಂಡಿದ್ದು ಒಳ್ಳೆಯವರ ನಡುವೆಯೇ.

ಅವನ ಹೆಸರು ಚೊಗರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಕಾಲುಸಂಕ ದಾಟುವ ಹಾಗಿರಲಿಲ್ಲ, ಆಚೆ ಮನೆಯ ಮಕ್ಕಳು ಆಚೆಯೇ. ಆಗ ಬಂದವನು ಅವನು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಕೊನೆಗೆ ಗಟ್ಟಿ ಕೆಂಪು ಚೊಗರು ಉಳಿಯುತ್ತದಲ್ಲ, ಅದರಲ್ಲಿ ಹಿಡಿಕಡ್ಡಿ ಅದ್ದಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅವನನ್ನು ಮೊದಲು ಬರೆದೆ. ಹೆಸರು ಬಂದಿದ್ದೂ ಹಾಗೆ. ಅಡಿಕೆ ಮರದಷ್ಟು ಉದ್ದ, ಸಪೂರ ಕಾಲು, ತಲೆಗೆ ಅಡಿಕೆಯ ಹಾಳೆಟೋಪಿ. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಬಾಯಿ ಇರಲಿಲ್ಲ. ಅವನು ಮಾತಾಡುವವನಲ್ಲ, ನಾನು ಹೇಳಿದ್ದನ್ನೆಲ್ಲ ಕೇಳುವವನು.

ಇದೇನಾದರೂ ಕಾಯಿಲೆಯಾ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಂಡಿತು. ಅದನ್ನು ಬಿಟ್ಟುಬಿಡಿ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಮಾರ್ಜರಿ ಟೇಲರ್ ಮತ್ತು ಜೊತೆಯವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 7 ವರ್ಷದೊಳಗೆ ಒಮ್ಮೆಯಾದರೂ ಇಂಥ ಗೆಳೆಯರಿದ್ದ ಮಕ್ಕಳು 65%. ಜೀವ ಬಂದಂತೆ ಮಾತಾಡಿಸುವ ಗೊಂಬೆಗಳೂ ಆ ಲೆಕ್ಕದಲ್ಲಿವೆ. ಇದು ಕಲ್ಪನೆ ಅಂತ ಮಕ್ಕಳಿಗೂ ಚೆನ್ನಾಗಿ ಗೊತ್ತಿರುತ್ತದೆ.

ಕಾಲೇಜಿಗೆ ಕಾರವಾರಕ್ಕೆ ಬಂದು ಕೋಡಿಬಾಗದಲ್ಲಿ ಅತ್ತೆಯ ಮನೆಯಲ್ಲಿದ್ದೆ. ಚಿತ್ರದ ಹುಚ್ಚಿರುವ ಗೆಳತಿಯರು ಸಿಕ್ಕರು. ಸಂಜೆ ಟಾಗೋರ್ ಕಡಲತೀರದಲ್ಲಿ ಕೂತು ಒಬ್ಬರದ್ದು ಒಬ್ಬರು ನೋಡುತ್ತಿದ್ದೆವು. ಚೊಗರನನ್ನು ಡ್ರಾಯಿಂಗ್ ಶೀಟಿಗೆ ಪೆನ್ಸಿಲಿನಲ್ಲಿ ನೀಟಾಗಿ ಬರೆದು ಒಂದು ದಿನ ಅವರ ಮುಂದಿಟ್ಟೆ.

ನನ್ನ ತಪ್ಪು ಯಾವುದು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಮೇಲ್ನೋಟಕ್ಕೆ ಅದು ತಪ್ಪು ಅನಿಸುವುದೇ ಇಲ್ಲ. "ಹೇಗಿದೆ?" ಅಂತ ಕೇಳಿದೆ. ಅಷ್ಟೇ. ಆ ಒಂದು ಮಾತಿನಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಗೆರೆ ಸರಿಯಾಗಿ ಬಂದಿದೆಯಾ ಅನ್ನುವುದು ಒಂದು. ಚೊಗರ ಹೀಗಿರಬಹುದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಣ್ಣಿರುವ ಯಾರು ಬೇಕಾದರೂ ಉತ್ತರ ಹೇಳಬಹುದು. ಎರಡನೆಯದಕ್ಕೆ ನನ್ನನ್ನು ಬಿಟ್ಟರೆ ಯಾರಿಗೂ ಉತ್ತರ ಗೊತ್ತಿಲ್ಲ, ಅವನನ್ನು ಕಂಡವಳು ನಾನೊಬ್ಬಳೇ. "ಮೊಣಕೈ ತುಂಬಾ ಕೆಳಗೆ ಬಂತು" ಅಂದಳು ಒಬ್ಬಳು. ಅದು ಗೆರೆಯ ಮಾತು, ನಿಜವೂ ಆಗಿತ್ತು. "ಬಾಯಿ ಇಲ್ಲದೆ ಹೆದರಿಕೆ ಆಗುತ್ತೆ ಕಣೇ, ಸಣ್ಣ ನಗು ಹಾಕು" ಅಂದಳು ಇನ್ನೊಬ್ಬಳು. ಅದು ಗೆರೆಯ ಮಾತಲ್ಲ. ಎರಡೂ ಒಂದೇ ಪ್ರೀತಿಯ ದನಿಯಲ್ಲಿ ಬಂದವು, ನಾನು ಎರಡನ್ನೂ ಒಂದೇ ಅಂದುಕೊಂಡೆ. ಅವರು ಹೀಯಾಳಿಸಿದ್ದರೆ ಶೀಟ್ ಸುತ್ತಿಕೊಂಡು ಎದ್ದು ಬರುತ್ತಿದ್ದೆ. ಅಕ್ಕರೆಯಿಂದ ಹೇಳಿದ್ದಕ್ಕೆ ಬೇಡ ಅನ್ನಲು ಬರಲಿಲ್ಲ.

ತಪ್ಪಿನ ಉಳಿದರ್ಧ ಇನ್ನೂ ಕೆಟ್ಟದ್ದು. ಅದೇ ಶೀಟಿನ ಮೇಲೆ ರಬ್ಬರ್ ಹಾಕಿದೆ. ಬಾಯಿ ಬಂತು. ಮುಂದಿನ ವಾರ ಕಣ್ಣು ಸಮ ಆಯಿತು. ಆಮೇಲೆ ಹಾಳೆಟೋಪಿ ಹೋಗಿ ಕೂದಲು ಬಂತು. ಪ್ರತಿ ಸಲವೂ "ಈಗ ಎಷ್ಟು ಚೆನ್ನಾಗಿದ್ದಾನೆ!" ಅಂದರು. ಚೆನ್ನಾಗಿಯೇ ಇದ್ದ, ಬಿಸ್ಕತ್ತು ಪೊಟ್ಟಣದ ಮೇಲಿನ ಹುಡುಗನ ಹಾಗೆ. ಆದರೆ ಕೈ ಒಂದೇ ಮುಖವನ್ನು ಮತ್ತೆ ಮತ್ತೆ ಬರೆದರೆ ನೆನಪೂ ಅದನ್ನೇ ಹಿಡಿದುಕೊಳ್ಳುತ್ತದೆ. ಸ್ವಲ್ಪ ದಿನದಲ್ಲಿ ಕಣ್ಣು ಮುಚ್ಚಿದರೂ ಆ ನಗುವ ಹುಡುಗನೇ ಬರುತ್ತಿದ್ದ. ಊರಿಗೆ ಹೋದಾಗ ಅಟ್ಟ ಹತ್ತಿ ಕ್ಯಾಲೆಂಡರ್ ಹುಡುಕಿದೆ. ಒರಲೆ ತಿಂದಿತ್ತು. ಎಷ್ಟೋ ಕಾಲ ನಾನು ಚಿತ್ರವನ್ನೇ ಬರೆಯಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅನಿಸಿಕೆ. ಮೆತ್ತಗೆ ಮಾತಾಡುವವರನ್ನು ಹುಡುಕಬೇಡಿ. ಏನು ಕೇಳಬೇಕು, ಏನು ಕೇಳಬಾರದು ಅನ್ನುವುದನ್ನು ನೀವು ಗಟ್ಟಿ ಮಾಡಿಕೊಳ್ಳಿ.

ನನಗೆ ಇದು ತಿಳಿದಿದ್ದು ಅತ್ತೆಯಿಂದ. ಅವರಿಗೆ ಚಿತ್ರದ ಗಂಧಗಾಳಿ ಇಲ್ಲ. ಕೋಣೆ ಗುಡಿಸುವಾಗ ಆ ಶೀಟ್ ಸಿಕ್ಕಿ, ಬಹಳ ಹೊತ್ತು ನೋಡಿ, "ಇಂವ ಎತ್ಲಾಗೆ ನೋಡ್ತಾ ಇದ್ದ ಕೂಸೆ?" ಅಂದರು. ನನಗೆ ಉತ್ತರ ಬರಲಿಲ್ಲ. ನಗುವ ಹುಡುಗ ಯಾವ ಕಡೆಗೂ ನೋಡುತ್ತಿರಲಿಲ್ಲ. ಚೊಗರ ಮಾತ್ರ ಯಾವಾಗಲೂ ಸಂಕದ ಕಡೆ ನೋಡುತ್ತಿದ್ದ, ಯಾರಾದರೂ ದಾಟಿ ಬರುತ್ತಾರಾ ಅಂತ. ಅಲ್ಲಿಂದ ಹಿಡಿದು ಮತ್ತೆ ಬರೆದೆ. ಬಾಯಿ ಅಳಿಸಿದೆ, ಕಣ್ಣು ಮೇಲೆ ಕೆಳಗೆ ಮಾಡಿದೆ. ಅವನೇ ಬಂದನಾ ಅಂದರೆ, ಇಲ್ಲ. ಈಗಿರುವವನು ಅವನ ತಮ್ಮನಿರಬೇಕು. ಇವನೂ ನನಗೆ ಇಷ್ಟ.

ಅಭಿಪ್ರಾಯ ಅಂದರೆ ಅತ್ತೆ ಕೇಳಿದಂಥ ಪ್ರಶ್ನೆ. ನೀವು ಕೇಳುವಾಗಲೂ ಹಾಗೇ ಕೇಳಿ. "ಇವಳು ಹತ್ತಿರ ಬರ್ತಿದ್ದಾಳಾ, ದೂರ ಹೋಗ್ತಿದ್ದಾಳಾ?" "ಎಷ್ಟು ಎತ್ತರ ಅನಿಸುತ್ತೆ?" "ಭಾರ ಯಾವ ಕಾಲಿನ ಮೇಲಿದೆ?" ಉತ್ತರ ನಿಮ್ಮ ಮನಸ್ಸಿನಲ್ಲಿರುವುದಕ್ಕೆ ಹೊಂದದಿದ್ದರೆ ಗೆರೆ ತಿದ್ದಿ, ಗೆಳತಿಯನ್ನಲ್ಲ. ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತವರ ಕತ್ತಿನ ಗುಳಿಯಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಆ ಪಾದದ ಹತ್ತಿರ ಬೀಳಬೇಕು, ಇಲ್ಲದಿದ್ದರೆ ಬೀಳುತ್ತಿರುವ ಹಾಗೆ ಕಾಣುತ್ತದೆ. ಇಂಥದ್ದನ್ನು ಯಾರಾದರೂ ತೋರಿಸಿಕೊಟ್ಟರೆ ಅವರನ್ನು ಬಿಡಬೇಡಿ. ಯಾರೂ ಸಿಗದಿದ್ದರೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಎಲ್ಲಿ ವಾಲಿದೆ ಅಂತ ತಕ್ಷಣ ಕಣ್ಣಿಗೆ ಬೀಳುತ್ತದೆ. ಬರೀ "ಸೂಪರ್" ಅನ್ನುವವರಿಂದ ಏನೂ ಉಪಯೋಗವಿಲ್ಲ.

"ಹೆದರಿಕೆ ಆಗುತ್ತೆ" ಅನ್ನುವ ಮಾತು ನಿಮಗೂ ಬರಬಹುದು. ಬಂದರೆ ಬರಲಿ. ನಮ್ಮ ಶಿರಸಿಯಲ್ಲಿ ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ರಾತ್ರಿ ಬೇಡರ ವೇಷ ಹೊರಡುತ್ತದೆ. ಕೆಂಪು ಮುಖ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ. ಮಕ್ಕಳು ಕಿರುಚಿಕೊಂಡು ಓಡುತ್ತಾರೆ, ಮತ್ತೆ ತಿರುಗಿ ಅದರ ಹಿಂದೆಯೇ ಹೋಗುತ್ತಾರೆ. ಆ ಮೀಸೆ ಸ್ವಲ್ಪ ಸಣ್ಣದು ಮಾಡಿ ಅಂತ ಯಾರೂ ಹೇಳುವುದಿಲ್ಲ.

ಇವರು ಯಾರು, ಎಲ್ಲಿಂದ ಬಂದರು ಅಂತ ನೋಡುವವರಿಗೆ ಹೇಳಬೇಕಾ ಅಂತಲೂ ಕೇಳಿದ್ದೀರಿ. ಹೇಳಲೇಬೇಕು ಅಂತೇನಿಲ್ಲ. ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಕಡಲತೀರಕ್ಕೆ ಆ ಹೆಸರು ಅದಕ್ಕೇ. ರವೀಂದ್ರನಾಥರು ಚಿತ್ರಕ್ಕೆ ಕೈ ಹಾಕಿದ್ದು ಬಹಳ ತಡವಾಗಿ, ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಸೇರಿಸಿ ಸೇರಿಸಿ ಎಲ್ಲೂ ಇಲ್ಲದ ಪ್ರಾಣಿಗಳನ್ನು ಮಾಡುತ್ತಿದ್ದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ತಮ್ಮ ಚಿತ್ರಗಳಿಗೆ ಅವರು ಸಾಮಾನ್ಯವಾಗಿ ಹೆಸರನ್ನೇ ಇಡುತ್ತಿರಲಿಲ್ಲ. ನೀವೂ ಹೆಸರು, ಕತೆ ಏನೂ ಹೇಳದೆ ಮೊದಲು ಸುಮ್ನೆ ಚಿತ್ರ ತೋರಿಸಿ. ಕತೆ ಮೊದಲೇ ಹೇಳಿದರೆ ಅವರು ಕತೆಗೆ ಮರುಗುತ್ತಾರೆ, ಚಿತ್ರ ನೋಡುವುದಿಲ್ಲ.

ಯಾರಿಗೂ ತೋರಿಸುವ ಮೊದಲು ಒಂದು ಕೆಲಸ ಮಾಡಿ. ಮೊದಲ ಚಿತ್ರಗಳನ್ನೆಲ್ಲ ಕಲರ್ ಝೆರಾಕ್ಸ್ ಮಾಡಿಸಿ, ಫೋನಿನಲ್ಲೂ ಫೋಟೊ ತೆಗೆದಿಡಿ. ತಿದ್ದುವುದೆಲ್ಲ ಪ್ರತಿಯ ಮೇಲೆ. ಮೂಲವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗೋಡೆಗೆ ತಾಗದ ಹಾಗೆ ಕಪಾಟಿನಲ್ಲಿಡಿ. ನಮ್ಮ ಕಡೆ ಜೂನ್ ಬಂತೆಂದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಅಟ್ಟದಲ್ಲಂತೂ ಇಡಲೇಬೇಡಿ.