ಹಳೇ ಡೀಸೆಲ್ ಲಾರಿ ಇದ್ದಕ್ಕಿದ್ದಂತೆ ಸ್ಟಾರ್ಟ್ ಆಗ್ತಿಲ್ಲ, ಮೊದಲು ಏನು ನೋಡಬೇಕು?

ತಕ್ಷಣ ಹೊಸ ಬ್ಯಾಟರಿ ತರಬೇಡಿ. ಕೀ ತಿರುಗಿಸಿ ಕಿವಿಗೊಟ್ಟು ಕೇಳಿ. ಸೆಲ್ಫ್ (ಸ್ಟಾರ್ಟರ್ ಮೋಟಾರ್) ಇಂಜಿನ್ನನ್ನು ತಿರುಗಿಸುತ್ತಿದೆಯಾ ಇಲ್ವಾ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ.

ಬರೀ ಟಕ್ ಅಂದು ಸುಮ್ಮನಾದರೆ ಅಥವಾ ಎಳೆದೆಳೆದು ತಿರುಗಿದರೆ, ಸಾಮಾನ್ಯವಾಗಿ ಕರೆಂಟ್ ಸಾಲುತ್ತಿಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಬಿಳಿ ಪುಡಿ ಉಜ್ಜಿ ತೆಗೆದು ಬಿಗಿ ಮಾಡಿ. ಇಂಜಿನ್ನಿಂದ ಚಾಸಿಗೆ ಹೋಗುವ ಅರ್ಥ್ ಕೇಬಲ್ ಮರೆಯಬೇಡಿ, ಮೇಲೆ ಚೆನ್ನಾಗಿ ಕಂಡರೂ ಬೋಲ್ಟಿನ ಅಡಿಯಲ್ಲಿ ತುಕ್ಕು ಕೂತಿರುತ್ತದೆ. ಆಮೇಲೆ ಮೀಟರ್ ಹಿಡಿಯಿರಿ: ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು. 24 ವೋಲ್ಟ್ ಗಾಡಿಯಾದರೆ ಎರಡು ಬ್ಯಾಟರಿಗಳನ್ನೂ ಬೇರೆಬೇರೆ ಅಳೆಯಿರಿ, ಒಂದು ಸತ್ತರೂ ಸಾಕು, ಗಾಡಿ ಹತ್ತಲ್ಲ.

ಚೆನ್ನಾಗಿ ತಿರುಗಿಯೂ ಹತ್ತುತ್ತಿಲ್ವಾ? ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲ ಅಂದರೆ ಹೆಚ್ಚಾಗಿ ಡೀಸೆಲ್ ತಲುಪುತ್ತಿಲ್ಲ. ಡೀಸೆಲ್ ಪಂಪಿನಲ್ಲಿ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ಬಿಡುವ, ನಿಲ್ಲಿಸುವ ಕರೆಂಟ್ ವಾಲ್ವ್) ಇದ್ದರೆ ಕೀ ಹಾಕಿದಾಗ ಸಣ್ಣಗೆ ಟಕ್ ಅನ್ನಬೇಕು, ಅನ್ನದಿದ್ದರೆ ಮೊದಲು ಅದರ ಫ್ಯೂಸ್, ವೈರ್ ನೋಡಿ. ಅದು ಸರಿ ಇದ್ದರೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿರಬಹುದು: ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪಂಪ್ ಒತ್ತಿ, ಸ್ಕ್ರೂ ಬಿಗಿ ಮಾಡಿ. ಮತ್ತೆ ಮತ್ತೆ ಏರ್ ಹಿಡಿದರೆ ಟ್ಯಾಂಕಿನಿಂದ ಬರುವ ಪೈಪ್ ಎಲ್ಲೋ ಬಿರಿದಿರಬಹುದು.

ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಇರುವ ಇಂಜಿನ್ನಿಗೆ ದಯವಿಟ್ಟು ಸ್ಟಾರ್ಟಿಂಗ್ ಸ್ಪ್ರೇ (ಬೇಗ ಹತ್ತಿಕೊಳ್ಳುವ ಈಥರ್ ಸ್ಪ್ರೇ) ಹೊಡೆಯಲೇಬೇಡಿ, ಒಳಗೇ ಸಿಡಿದು ಪಿಸ್ಟನ್ ಹಾಳಾಗಬಹುದು.